ಹಂಚಿನ ಪುಡಿಯ ಮೇಲಿನ ಗುರುತು

ಗದಗ
ನೆರಳು ತಿಂಗಳು, 26ನೇ ದಿನ, ಇಸವಿ 2231

ಹಿಂದಿನ ಕಾಲದವರಿಗೆ,

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತದಲ್ಲೂ ತಪ್ಪುಗಳಿರುತ್ತವೆ. ನಾನು ಓದಿದ್ದು ನಾಲ್ಕನೇ ತರಗತಿಯವರೆಗೆ. ಮೇಲಿನ ತಾರೀಖು ನಿಮಗೆ ವಿಚಿತ್ರ ಅನ್ನಿಸಬಹುದು. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಮೇ ಮುಗಿದ ಮೇಲೆ ಇಪ್ಪತ್ತೆಂಟು ದಿನಗಳ ನೆರಳು ತಿಂಗಳು, ಅದಾದ ಮೇಲೆ ಜೂನ್. ಈ ತಿಂಗಳಲ್ಲಿ ಬೆಳಿಗ್ಗೆ ಎಂಟಕ್ಕೆ ನೆರಳಿನ ಗಂಟೆ ಬಾರಿಸುತ್ತಾರೆ. ಅಲ್ಲಿಂದ ಹೊತ್ತು ಇಳಿಯುವವರೆಗೆ ಬಿಸಿಲು ಸುಡುವುದರಿಂದ ಯಾರೂ ಬಯಲಿಗೆ ಬರುವಂತಿಲ್ಲ.

ನನ್ನ ಹೆಸರು ತುಂಗಾ ಕುಂಬಾರ. ಹಂಚಿನ ಭಟ್ಟಿಯಲ್ಲಿ ಕೆಲಸ. ನಮ್ಮಲ್ಲಿ ಯಾರಾದರೂ ನಿವೃತ್ತರಾದರೆ ಅವರ ಬಗ್ಗೆ ಹಿಂದೋಲೆ ಕಳಿಸುತ್ತಾರೆ. ಹಿಂದೋಲೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ. ಅದು ಕೈಬರಹದಲ್ಲೇ ಇರಬೇಕು. ಯಂತ್ರದ ಅಕ್ಷರ ದಾರಿಯಲ್ಲೇ ಅಳಿಸಿಹೋಗುತ್ತದೆ, ಯಾಕೆಂದು ನನಗೆ ಗೊತ್ತಿಲ್ಲ. ತಮ್ಮ ಕಥೆಯನ್ನು ತಾವೇ ಬರೆಯುವಂತಿಲ್ಲ. ಬರೆದರೆ ಗೆಲುವುಗಳು ಹೆಚ್ಚಾಗುತ್ತವೆಯಂತೆ. ಊರಲ್ಲಿ ಪೆನ್ನು ಹಿಡಿಯಲು ಬರುವವರು ಒಂಬತ್ತು ಜನ. ಈ ಸಲ ಸರದಿ ನನ್ನದು. ಬರೆದದ್ದನ್ನು ಶಾಲೆಯ ಟೀಚರ್ ಓದಿ ತಿದ್ದಿದ ಮೇಲೆ ಮುದ್ರೆ ಬೀಳುತ್ತದೆ.

ನಾನು ಬರೆಯಬೇಕಾದದ್ದು ಚಂದ್ರಗಂಗಾ ಬೂದಿಹಾಳ ಅವರ ಬಗ್ಗೆ. ನಾವು ಗಂಗಕ್ಕ ಅನ್ನುತ್ತೇವೆ. ಅವರು ಇಪ್ಪತ್ತನಾಲ್ಕು ವರ್ಷ ಊರೂರು ತಿರುಗಿ ಟೆನಿಸ್ ಆಡಿದರು. ಗೆದ್ದ ಪಂದ್ಯಕ್ಕಿಂತ ಸೋತ ಪಂದ್ಯ ಹೆಚ್ಚು. ಜಗತ್ತಿನ ಪಟ್ಟಿಯಲ್ಲಿ ಒಮ್ಮೆ ಎಪ್ಪತ್ತೊಂದನೆಯವರಾಗಿದ್ದರು, ಎರಡು ವಾರ. ಆಟಗಾರರು ಗಾಳಿಹಡಗಿನಲ್ಲಿ ಪ್ರಯಾಣ ಮಾಡುತ್ತಾರೆ. ಅದು ನಿಧಾನ. ಒಂದು ಊರಿನಿಂದ ಇನ್ನೊಂದಕ್ಕೆ ನಾಲ್ಕೈದು ದಿನ. ಹಡಗಿನಲ್ಲಿ ಗಂಗಕ್ಕ ತಮ್ಮ ರಾಕೆಟ್ಟಿಗೆ ತಾವೇ ತಂತಿ ಕಟ್ಟಿಕೊಳ್ಳುತ್ತಿದ್ದರು, ಮಂಡಕ್ಕಿ ತಿನ್ನುತ್ತಿದ್ದರು, ನಿದ್ದೆ ಮಾಡುತ್ತಿದ್ದರು. ಮೊದಲ ದಿನವೇ ಸೋತರೆ ಮುಂದಿನ ಹಡಗು ಬರುವವರೆಗೆ ಪರ ಊರಿನಲ್ಲಿ ಏನೂ ಕೆಲಸವಿರುತ್ತಿರಲಿಲ್ಲ. ಅಂಥ ದಿನಗಳಲ್ಲಿ ಅವರು ಸಂತೆಗೆ ಹೋಗಿ ಏನೂ ಕೊಳ್ಳದೆ ಬರುತ್ತಿದ್ದರಂತೆ. ಗೆದ್ದವರಿಗೆ ಕಾಲು ಅದ್ದಲು ಒಂದು ಬಕೆಟ್ ಮಂಜುಗಡ್ಡೆ ಕೊಡುತ್ತಾರೆ, ಸೋತವರಿಗೆ ಕೊಡುವುದಿಲ್ಲ. ಎಡ ಮಂಡಿ ಹಾಳಾದದ್ದು ಹಾಗೆ ಎಂದು ಗಂಗಕ್ಕ ಹೇಳುತ್ತಾರೆ. ಕೊನೆಯ ಪಂದ್ಯವನ್ನು ಹದಿನೆಂಟರ ಹುಡುಗಿಯೊಬ್ಬಳ ಎದುರು ಸೋತರು. ಟವೆಲ್ ಮಡಚಿ ಚೀಲಕ್ಕೆ ಹಾಕಿಕೊಂಡು ಬಂದರು.

ಅಂಥ ದೊಡ್ಡ ಪಂದ್ಯಗಳಲ್ಲಿ ಚೆಂಡು ಒಳಗೋ ಹೊರಗೋ ಎಂದು ಹೇಳುವುದು ಗೆರೆಗಣ್ಣು. ಅದು ಗೆರೆಯೊಳಗೆ ಹುದುಗಿಸಿದ ಯಂತ್ರ, ಚೆಂಡು ಹೊರಗೆ ಬಿದ್ದರೆ ಕೂಗುತ್ತದೆ. ನಮ್ಮೂರ ಕೋರ್ಟಿನಲ್ಲಿ ಅದಿಲ್ಲ. ನಮ್ಮದು ಹಂಚಿನ ಪುಡಿ ಹಾಸಿದ ಕೆಂಪು ಕೋರ್ಟು, ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ. ನಿಮ್ಮ ಕಡೆ ಬಿದ್ದ ಚೆಂಡಿಗೆ ನೀವೇ ತೀರ್ಪು ಹೇಳಬೇಕು. ಅನುಮಾನ ಬಂದರೆ ಅಂಕ ಎದುರಿನವರದು. ಗುರುತನ್ನು ನೀವೇ ಕಾಲಿನಿಂದ ಒರೆಸಿದರೂ ಅಂಕ ಎದುರಿನವರದೇ.

ಗಂಗಕ್ಕನಿಗೆ ಹದಿನೇಳು ವರ್ಷವಾಗಿದ್ದಾಗ ಇದೇ ಕೋರ್ಟಿನಲ್ಲಿ ಆಯ್ಕೆಯ ಪಂದ್ಯ ನಡೆಯಿತು. ಹಡಗಿನಲ್ಲಿ ಇದ್ದದ್ದು ಒಂದೇ ಜಾಗ. ಎದುರಿಗೆ ಗೆಳತಿ ಶಹನಾಜ ಅತ್ತಾರ. ಕೊನೆಗೆ ಗಂಗಕ್ಕನಿಗೆ ಗೆಲ್ಲಲು ಒಂದು ಅಂಕ ಬೇಕಿತ್ತು. ಆ ಅಂಕ ಶಹನಾಜ ಅವರಿಗೆ ಹೋಗಿದ್ದರೆ ಸಮ ಆಗಿ ಆಟ ಮುಂದುವರಿಯುತ್ತಿತ್ತು. ಶಹನಾಜ ಹೊಡೆದ ಚೆಂಡು ಹಿಂದಿನ ಗೆರೆಯ ಹತ್ತಿರ ಬಿತ್ತು. ಗಂಗಕ್ಕ ಹೊರಗೆ ಎಂದು ಕೂಗಿದರು. ಶಹನಾಜ ಅದನ್ನು ನಂಬಿ, ಬೆನ್ನು ತಿರುಗಿಸಿ ನೀರು ಕುಡಿಯಲು ಹೋದರು. ಆಮೇಲೆ ಗಂಗಕ್ಕ ಗುರುತು ನೋಡಿದರು. ಅದು ಗೆರೆಗೆ ತಾಗಿತ್ತು, ಅಂದರೆ ಚೆಂಡು ಒಳಗೇ ಬಿದ್ದಿತ್ತು. ಅವರು ಅದನ್ನು ಕಾಲಿನಿಂದ ಒರೆಸಿದರು. ಎರಡು ವಾರದ ಮೇಲೆ ಹಡಗು ಹತ್ತಿದರು.

ಇದನ್ನು ಇಪ್ಪತ್ತನಾಲ್ಕು ವರ್ಷ ಅವರು ಯಾರಿಗೂ ಹೇಳಿರಲಿಲ್ಲ. ನನಗೆ ಹೇಳಿದರು, ಬರೆ ಎಂದರು. ನಾನು ಪೆನ್ನು ಕೆಳಗಿಟ್ಟೆ. ಯಾಕೆಂದರೆ ಈ ಊರಿನ ಶಾಲೆಯ ಟೀಚರ್ ಶಹನಾಜ ಅವರೇ. ನನಗೆ ಅಕ್ಷರ ಕಲಿಸಿದವರು, ಈ ಕಾಗದ ತಿದ್ದಬೇಕಾದವರು. ಗಂಗಕ್ಕ, “ಅದಕ್ಕಽ ಬರಿ ಅಂತೀನಿ. ಬಾಯಿಲೆ ಹೇಳಾಕ ನನಗ ಧೈರ್ಯ ಇಲ್ಲ” ಎಂದರು.

ನಿನ್ನೆ ಕಾಗದ ಒಯ್ದುಕೊಟ್ಟೆ. ಟೀಚರ್ ಕೆಂಪು ಪೆನ್ಸಿಲ್ ಹಿಡಿದು ಓದಿದರು, ಹನ್ನೊಂದು ತಪ್ಪು ತಿದ್ದಿದರು. ಗುರುತಿನ ಮಾತು ಬಂದಲ್ಲಿ ಪೆನ್ಸಿಲ್ ನಿಂತಿತು. ಅಲ್ಲೂ ಒಂದು ದೀರ್ಘ ಬಿಟ್ಟಿದ್ದೆ, ಅದನ್ನು ಹಾಕಿದರು. ಆಮೇಲೆ, “ಸೋತೆ ಅಂತ ಗೊತ್ತಿತ್ತು. ಹೆಂಗ ಸೋತೆ ಅಂತ ಇವತ್ತ ಗೊತ್ತಾತು” ಎಂದರು. “ನಾಳೆ ಆರಕ್ಕ ರಾಕೆಟ್ ತಗೊಂಡು ಬಾ ಅಂತ ಆಕಿಗೆ ಹೇಳು. ಸಮ ಇಂದ ಸುರು” ಎಂದರು. ಮುದ್ರೆ ಹಾಕಲಿಲ್ಲ. ನಿನ್ನೆಯಿಂದ ಈಚಿನದನ್ನು ಯಾರೂ ತಿದ್ದಿಲ್ಲ.

ಇವತ್ತು ಬೆಳಿಗ್ಗೆ ಇಬ್ಬರೂ ಬಂದರು, ನನ್ನನ್ನೂ ಕರೆದಿದ್ದರು. ಗಂಗಕ್ಕನಿಗೆ ಮಂಡಿ ನೋವು, ಟೀಚರ್‌ಗೆ ಉಸಿರು ಸಾಲದು, ಹಾಗಾಗಿ ಚೆಂಡು ಮೆಲ್ಲಗೆ ಹೋಗಿ ಬರುತ್ತಿತ್ತು. ಕೊನೆಗೆ ಟೀಚರ್ ಹೊಡೆದದ್ದು ಗಂಗಕ್ಕನ ಹಿಂದಿನ ಗೆರೆಯ ಬಳಿ ಬಿತ್ತು. ಗಂಗಕ್ಕ ಒಳಗೆ ಅನ್ನಲಿಲ್ಲ, ಹೊರಗೆ ಅನ್ನಲಿಲ್ಲ. ಗುರುತಿನ ಪಕ್ಕ ರಾಕೆಟ್ ಊರಿ, “ಬಂದು ನೋಡು” ಎಂದರು. ಟೀಚರ್ ಬಲೆ ಸುತ್ತಿ ನಡೆದು ಬಂದರು.

“ಒಳಗ ಐತಿ. ಅಂಕ ನಿಂದು” ಎಂದರು ಗಂಗಕ್ಕ.

“ಹೊರಗ ಬಿದ್ದೈತಿ. ನನಗ ದಾನ ಕೊಡಬ್ಯಾಡ.”

“ದಾನ ಅಲ್ಲ ಮಾರಾಯ್ತಿ, ಗೆರಿಗೆ ಹತ್ತೇತಿ ನೋಡು.”

“ನಡುವ ಒಂದು ಕೂದಲೆಳಿ ಹಿಡಸ್ತೈತಿ.”

“ನಿನಗ ಚಾಳೀಸು ಬಂದೈತಿ. ಕನ್ನಡಕ ಹಾಕ್ಕೊ.”

“ಇಪ್ಪತ್ನಾಕು ವರ್ಷದ ಹಿಂದ ನೀ ಹಾಕ್ಕೋಬೇಕಿತ್ತು.”

ಇಬ್ಬರೂ ನಕ್ಕರು. ಮೊದಲು ಯಾರು ನಕ್ಕರು ಎಂಬುದು ನನಗೆ ತಿಳಿಯಲಿಲ್ಲ. ನನ್ನನ್ನು ಕರೆದು ನೀನೇ ಹೇಳು ಎಂದರು. ನಾನು ಮಂಡಿಯೂರಿ ನೋಡಿದೆ. ಅಷ್ಟರಲ್ಲಿ ನೆರಳಿನ ಗಂಟೆ ಹೊಡೆಯಿತು. “ಸಂಜಿ ಮುಂದ ಬಂದು ನೋಡೂಣು” ಎಂದು ಟೀಚರ್ ಹೇಳಿದರು. ಇಬ್ಬರೂ ಒಂದೇ ಕೊಡೆಯಲ್ಲಿ ಹೋದರು.

ಕಾಗದದ ಕೊನೆಗೆ ಒಂದು ಕೋರಿಕೆ ಬರೆಯುವ ರೂಢಿಯಿದೆ. ಗಂಗಕ್ಕನನ್ನು ಕೇಳಿದ್ದೆ. ನಿಮ್ಮ ಆಟದ ಬಯಲುಗಳಲ್ಲಿ ಇನ್ನೂ ಗೆರೆಗಣ್ಣು ಇಲ್ಲವಂತೆ. ಗುರುತು ಒರೆಸುವ ಮೊದಲು ಎದುರಿನವರನ್ನು ಕರೆಯಿರಿ, ಅವರು ನೀರು ಕುಡಿಯಲು ಹೋಗಿದ್ದರೆ ಬರುವವರೆಗೆ ಕಾಯಿರಿ. ಇಷ್ಟೇ ಅವರು ಹೇಳಿದ್ದು.

ಮಧ್ಯಾಹ್ನ ಇಲ್ಲಿ ಗಾಳಿ ಏಳುತ್ತದೆ, ಪುಡಿ ಹಾರುತ್ತದೆ. ಅದಕ್ಕೆ ನಾನು ಹೊರಡುವ ಮೊದಲು ನನ್ನ ಬುತ್ತಿ ಡಬ್ಬಿಯ ಮುಚ್ಚಳವನ್ನು ಆ ಗುರುತಿನ ಮೇಲೆ ಬೋರಲು ಹಾಕಿ, ಅದರ ಮೇಲೊಂದು ಹಂಚು ಇಟ್ಟು ಬಂದೆ.

ತುಂಗಾ ಕುಂಬಾರ