ಸೂಜಿಯ ಮುಚ್ಚಳ ಮತ್ತು ಒಂದು ಪ್ರಮಾಣಪತ್ರ

ಮಾನ್ಯ ಆರೋಗ್ಯಾಧಿಕಾರಿಗಳೇ,

ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಕೊಟ್ಟ ತಪ್ಪಿಗೆ ನನ್ನ ವಿದ್ಯಾರ್ಥಿನಿಯ ನರ್ಸಿಂಗ್ ಪ್ರಮಾಣಪತ್ರವನ್ನು ತಾವು ತಡೆಹಿಡಿದಿದ್ದೀರಿ. ಅದನ್ನು ಬಿಡಿಸಿಕೊಳ್ಳಲು ಎರಡು ಸಲ ತಮ್ಮ ಕಚೇರಿಗೆ ಬಂದೆ. ಒಮ್ಮೆ ತಾವು ಸಭೆಯಲ್ಲಿದ್ದಿರಿ, ಇನ್ನೊಮ್ಮೆ ಸಭೆಗೆ ಹೊರಟಿದ್ದಿರಿ. ಲಸಿಕೆಯ ಮೇಲೆ ಜನರಿಗೆ ನಂಬಿಕೆ ಹುಟ್ಟಿಸುವುದು ಹೇಗೆ ಎಂಬುದೇ ಎರಡೂ ಸಭೆಗಳ ವಿಷಯವಂತೆ. ಬಾಗಿಲ ಹೊರಗಿನ ಬೆಂಚಿನಲ್ಲಿ ಅದಕ್ಕೆ ಉತ್ತರ ಕೂತಿತ್ತು, ಒಳಗೆ ಬಿಡಲಿಲ್ಲ. ಹಾಗಾಗಿ ಪತ್ರಿಕೆಯ ಮೊರೆಹೊಕ್ಕಿದ್ದೇನೆ.

ನಾನು ಇಪ್ಪತ್ತಾರು ವರ್ಷಗಳಿಂದ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿರುವವಳು. ಶನಿವಾರದ ಕೊನೆಯ ತರಗತಿಯಲ್ಲಿ ಮೇಷ್ಟರಗಿರಿ ಬಿಟ್ಟು ತಲೆಗೆ ಶಾಲು ಹೊದ್ದು ಅನುಮಾನದ ಅಜ್ಜಿಯಾಗುತ್ತೇನೆ. ಮೊಮ್ಮಗನಿಗೆ ಲಸಿಕೆ ಹಾಕಿಸಲು ಬಂದು ಕಂಡದ್ದಕ್ಕೆಲ್ಲ ಮೂಗು ಮುರಿಯುತ್ತೇನೆ. ನನ್ನನ್ನು ಒಪ್ಪಿಸುವುದು ಹುಡುಗಿಯರ ಕೆಲಸ. ಮೊದಲ ವರ್ಷದವರು ಪುಸ್ತಕ ಒಪ್ಪಿಸುತ್ತಾರೆ, ಅಜ್ಜಿ ಆಕಳಿಸುತ್ತಾಳೆ. ಎರಡನೇ ವರ್ಷದವರು "ಏನೂ ಆಗಲ್ಲ ಅಜ್ಜಿ" ಅನ್ನುತ್ತಾರೆ, ಅಜ್ಜಿ ಎದ್ದು ಹೊರಟೇಬಿಡುತ್ತಾಳೆ. ಏನೂ ಆಗಲ್ಲ ಎಂದವರ ಮಾತನ್ನು ಮಗುವಿನ ಮೈ ಬಿಸಿಯಾದ ಮೇಲೆ ಯಾವ ಅಜ್ಜಿ ನಂಬುತ್ತಾಳೆ? ತೋಳು ನೋಯಬಹುದು, ಒಂದು ದಿನ ಜ್ವರ ಬರಬಹುದು, ಬಂದರೆ ಹೀಗೆ ಮಾಡಿ, ಇದಕ್ಕೂ ಮೀರಿದ್ದೇನಾದರೂ ಕಂಡರೆ ತಕ್ಷಣ ಕರೆತನ್ನಿ ಎಂದು ಮೊದಲೇ ಹೇಳಬೇಕು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದು ಹೇಳಿ, ಕೇಳಿಕೊಂಡು ಬಂದು ತಿಳಿಸಬೇಕು. ಇಷ್ಟು ಕಲಿಯಲು ಮೂರು ವರ್ಷ ಹಿಡಿಯುತ್ತದೆ.

ನನ್ನ ಅಜ್ಜಿಯನ್ನು ಮೊದಲ ಸಲಕ್ಕೇ ಒಪ್ಪಿಸಿದವಳು ಒಬ್ಬಳೇ. ಅವಳ ಹೆಸರು ತಮ್ಮ ನೋಟಿಸಿನಲ್ಲಿ ಮೂರು ಕಡೆ ಇದೆ, ಇಲ್ಲಿ ಬೇಡ. ದನಿ ಎತ್ತಿ ಮಾತಾಡದ ಹುಡುಗಿಯಾದ್ದರಿಂದ ತರಗತಿಯಲ್ಲಿ ಅವಳನ್ನು ಪಿಸುಮಾತು ಎಂದು ಕರೆಯುತ್ತಾರೆ. ಅಂಥವಳು "ಸಾರ್ವಜನಿಕವಾಗಿ ಅಪಪ್ರಚಾರ" ಮಾಡಿದಳೆಂದು ತಾವು ಬರೆದದ್ದನ್ನು ಓದಿ ಅವಳ ಗೆಳತಿಯರು, ಅಳುವ ಹೊತ್ತಿನಲ್ಲೂ, ನಕ್ಕುಬಿಟ್ಟರು.

ಇನ್ನು ಇಷ್ಟಕ್ಕೆಲ್ಲ ಕಾರಣವಾದ ತಮ್ಮ ಪೋಸ್ಟರಿನ ವಿಷಯಕ್ಕೆ ಬರೋಣ. ಕಾಮಾಲೆ ಲಸಿಕೆಯ ಅಭಿಯಾನ ಶುರುವಾದ ದಿನ ತಾವು ನಮ್ಮ ಹುಡುಗಿಯರು ಲಸಿಕೆ ಹಾಕುವ ಕೇಂದ್ರಕ್ಕೆ ಬಂದಿರಿ. ಫೋಟೋದವರು ತಡಮಾಡಿದರು. ತಮಗೆ ಆತುರವಿತ್ತು, ಒಳಕೋಣೆಯಲ್ಲಿ ಲಸಿಕೆ ಹಾಕಿಸಿಕೊಂಡಿರಿ. ಹಾಕಿದವಳು ಪಿಸುಮಾತು, ಪಕ್ಕದಲ್ಲಿ ನಿಂತವಳು ನಾನು. ಒಳಕೋಣೆಯಲ್ಲಿ ಬೇರೇನಾದರೂ ನಡೆಯಿತೇ ಎಂದು ಯಾರೂ ನನ್ನನ್ನು ಕೇಳಬಾರದು. ರೋಗಿಯ ಗುಟ್ಟು ಕಾಪಾಡುವುದು ನಮ್ಮ ವೃತ್ತಿಯ ಮೊದಲ ಪಾಠ. ಆಮೇಲೆ ಎರಡು ದಿನ ನನ್ನ ಬಲಗೈಯಲ್ಲಿ ಸೀಮೆಸುಣ್ಣ ನಿಲ್ಲಲಿಲ್ಲ ಎಂಬುದು ನನ್ನ ಸ್ವಂತ ಆರೋಗ್ಯದ ವಿಷಯ.

ಕಾಲು ಗಂಟೆಯ ನಂತರ ಫೋಟೋದವರು ಬಂದರು. ಇನ್ನೊಮ್ಮೆ ಹಾಕಿದ ಹಾಗೆ ಮಾಡಿ ಎಂದು ತಮ್ಮ ಅಪ್ಪಣೆಯಾಯಿತು. ಮುಚ್ಚಳ ತೆಗೆದ ಸೂಜಿಯನ್ನು ಆಟಕ್ಕೆ ಯಾರ ತೋಳಿನ ಹತ್ತಿರವೂ ಹಿಡಿಯಬಾರದೆಂದು ನಾನು ಖಾಲಿ ಸಿರಿಂಜಿಗೆ ಮುಚ್ಚಳವಿರುವ ಸೂಜಿಯನ್ನೇ ಹಾಕಿಸಿದೆ. ತಾವು ಕ್ಯಾಮೆರಾ ನೋಡಿ ನಕ್ಕಿರಿ. ಆ ನಗು, ಆ ತೋಳು ಮತ್ತು ಆ ಮುಚ್ಚಳ ಗೋಡೆಯಗಲಕ್ಕೆ ಅಚ್ಚಾಗಿ ಬಸ್ ನಿಲ್ದಾಣದಿಂದ ಆಸ್ಪತ್ರೆಯ ಗೇಟಿನವರೆಗೆ ಅಂಟಿಕೊಂಡವು. ಕೆಳಗೆ, "ನಾನು ಹಾಕಿಸಿಕೊಂಡೆ, ನೀವು?" ಎಂಬ ಪ್ರಶ್ನೆ. ತಮ್ಮ ಕಚೇರಿಯಲ್ಲಿ ಎಷ್ಟು ಮಂದಿ ಅದಕ್ಕೆ ರುಜು ಹಾಕಿದರೋ ಕಾಣೆ. ಒಬ್ಬರ ಕಣ್ಣಿಗೂ ಮುಚ್ಚಳ ಬೀಳಲಿಲ್ಲ.

ಬಿದ್ದದ್ದು ಒಬ್ಬ ದರ್ಜಿಯ ಕಣ್ಣಿಗೆ. ನಮ್ಮ ಕೇಂದ್ರದ ಎದುರು ರವಿಕೆ ಹೊಲಿಯುವ ಆಕೆಗೆ ದಿನವಿಡೀ ಸೂಜಿಯ ಸಹವಾಸ. ಆಕೆಯ ಅಕ್ಕ ಇದೇ ಕಾಮಾಲೆಯಿಂದ ಯಕೃತ್ತು ಕೆಟ್ಟು ಎರಡು ವರ್ಷಗಳಿಂದ ಹಾಸಿಗೆ ಹಿಡಿದಿದ್ದಾಳೆ. ಒಂದೇ ಮನೆ, ಆರೈಕೆಯೆಲ್ಲ ಈಕೆಯದೇ. ಲಸಿಕೆ ಈಕೆಗೆ ಬೇಡವಾದರೆ ಇನ್ಯಾರಿಗೆ ಬೇಕು? ಆದರೆ ಮೂರು ಸಲ ಮೆಟ್ಟಿಲವರೆಗೆ ಬಂದು ಹಿಂದಿರುಗಿದ್ದಳು. ನಾಲ್ಕನೇ ಸಲ ಒಳಗೆ ಬಂದು, ಸಾಲಿನಲ್ಲಿದ್ದ ಹನ್ನೆರಡು ಜನರ ಎದುರು ಗೋಡೆಯ ಮೇಲಿನ ಪೋಸ್ಟರಿಗೆ ಬೆರಳು ತೋರಿಸಿದಳು.

"ಸಿಸ್ಟರ್, ಮುಚ್ಚಳಾನೇ ತೆಗೆದಿಲ್ವಲ್ಲ. ಸಾಹೇಬ್ರು ಹಾಕಿಸ್ಕೊಂಡಿದ್ದು ನಿಜಾನಾ?"

ಹನ್ನೆರಡು ತಲೆಗಳೂ ಗೋಡೆಯ ಕಡೆ ತಿರುಗಿದವು. ಇಂಥ ಹೊತ್ತಿಗೆಂದೇ ತಮ್ಮ ಸುತ್ತೋಲೆಯಲ್ಲಿ ಒಂದು ವಾಕ್ಯವಿದೆ: "ಲಸಿಕೆಯು ಸಂಪೂರ್ಣ ಸುರಕ್ಷಿತವಾಗಿದ್ದು ಸಾರ್ವಜನಿಕರು ವದಂತಿಗಳಿಗೆ ಕಿವಿಗೊಡಬಾರದು." ಕಣ್ಣಾರೆ ಕಂಡದ್ದನ್ನು ವದಂತಿ ಎಂದರೆ ಆ ಹನ್ನೆರಡು ಜನ ಏನು ಮಾಡುತ್ತಿದ್ದರು, ತಾವೇ ಊಹಿಸಿ. ಪಿಸುಮಾತು ಸುತ್ತೋಲೆಯನ್ನು ಒಪ್ಪಿಸಲಿಲ್ಲ.

"ಫೋಟೋದಲ್ಲಿ ಹಾಕಿಲ್ಲ ಅಕ್ಕ. ಅದು ಆಮೇಲೆ ತೆಗೆದಿದ್ದು. ನಿಜವಾಗ್ಲೂ ಹಾಕಿದ್ದು ಅದಕ್ಕೂ ಮೊದ್ಲು, ಒಳಗಡೆ. ಹಾಕಿದ್ದು ನಾನೇ."

ಅವರಿಗೂ ಭಯವಾಗಿತ್ತಾ ಎಂದು ದರ್ಜಿ ಮತ್ತೆ ಕೇಳಿದಳು. ಹುಡುಗಿ ಪಕ್ಕದಲ್ಲಿದ್ದ ನನ್ನ ಮುಖ ನೋಡಿದಳು.

"ಸೂಜಿ ಅಂದ್ರೆ ತುಂಬಾ ಜನಕ್ಕೆ ಭಯ ಅಕ್ಕ. ನನಗೂ ಭಯಾನೇ. ನೀವು ಆ ಕಡೆ ನೋಡಿ, ಆದ್ಮೇಲೆ ಹೇಳ್ತೀನಿ."

ಆ ಉತ್ತರ ಕೇಳಿ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಪೋಸ್ಟರಿನ ಬಗ್ಗೆ ಸುಳ್ಳಾಡಲಿಲ್ಲ, ತಮ್ಮ ಗುಟ್ಟನ್ನೂ ಬಿಡಲಿಲ್ಲ. ದರ್ಜಿ ತೋಳು ಮುಂದೆ ಮಾಡಿದಳು. ತೋಳು ನೋಯುತ್ತದೆಂದು ಮೊದಲೇ ಹೇಳಿದ್ದರಿಂದ ಮರುದಿನ ನೋವು ಬಂದಾಗ ಅವಳು ಹೆದರಲಿಲ್ಲ, ಹೇಳಿದ ಹಾಗೇ ಆಯಿತು ನೋಡಿ ಎಂದು ರವಿಕೆ ಕೊಡಲು ಬಂದವರಿಗೆಲ್ಲ ಹೇಳಿದಳು. ಆ ವಾರ ಅವಳ ಅಂಗಡಿಗೆ ಅಳತೆ ಕೊಟ್ಟವರಲ್ಲಿ ಅರ್ಧಕ್ಕರ್ಧ ಮಂದಿ ರಸ್ತೆ ದಾಟಿ ನಮ್ಮಲ್ಲಿಗೆ ಬಂದರು. ತಮ್ಮ ಪೋಸ್ಟರಿಗೆ ಆಗದ ಕೆಲಸವನ್ನು ಅವಳ ಅಳತೆ ಟೇಪು ಮಾಡಿತು.

ಅದಾದ ಹತ್ತನೇ ದಿನಕ್ಕೆ ನೋಟಿಸು ಬಂತು. "ಇಲಾಖೆಯ ಪ್ರಚಾರ ಸಾಮಗ್ರಿಯ ನೈಜತೆಯ ಕುರಿತು ಸಂಶಯ ಮೂಡಿಸಿದ ಕಾರಣ" ಪ್ರಮಾಣಪತ್ರ ತಡೆಹಿಡಿಯಲಾಗಿದೆಯಂತೆ. ಸಂಶಯ ಮೂಡಿಸಿದ್ದು ಮುಚ್ಚಳವೋ, ಹುಡುಗಿಯೋ? ಮುಚ್ಚಳ ಹಾಕಿಸಿದ್ದು ನಾನು, ಅಚ್ಚು ಹಾಕಿಸಿದ್ದು ತಾವು. ನಮ್ಮಿಬ್ಬರ ಎಡವಟ್ಟಿಗೆ ಅವಳು ಬೆಲೆ ತೆರಬೇಕೇ? ಮಕ್ಕಳ ವಾರ್ಡಿನಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ಬರುವ ಸೋಮವಾರ ಪ್ರಮಾಣಪತ್ರ ತೋರಿಸದಿದ್ದರೆ ಅದು ಕೈತಪ್ಪುತ್ತದೆ. ಅವಳ ಅಮ್ಮ ಅದೇ ವಾರ್ಡಿನ ನೆಲ ಒರೆಸುತ್ತಾಳೆ, ಮಗಳು ಹಾಕಿಕೊಳ್ಳಬೇಕಾದ ಬಿಳಿ ಕೋಟನ್ನು ಇಸ್ತ್ರಿ ಮಾಡಿಟ್ಟು ಕಾಯುತ್ತಿದ್ದಾಳೆ. ಅದಕ್ಕಿಂತಲೂ ನನ್ನನ್ನು ಕಾಡುವುದು ಉಳಿದ ಮೂವತ್ತೆಂಟು ಹುಡುಗಿಯರು. ಕಳೆದ ಶನಿವಾರ ನಾನು ಶಾಲು ಹೊದ್ದು ಬಂದಾಗ ಒಬ್ಬಳು ಎದ್ದು ಕೇಳಿದಳು: "ಮೇಡಂ, ನಿಜ ಹೇಳಬೇಕಾ, ಸುತ್ತೋಲೆ ಹೇಳಬೇಕಾ?" ಅಜ್ಜಿ ಶಾಲು ಮಡಿಸಿಟ್ಟು ಅಂದಿನ ಪಾಠ ನಿಲ್ಲಿಸಿದಳು. ಈ ಹುಡುಗಿಯರು ನಾಳೆ ಊರಿನ ಪ್ರತಿ ತಾಯಿಯ ಎದುರು ಕೂರುವವರು. ಇವರು ನಿಜ ಹೇಳಲು ಹೆದರಿದರೆ ತಾಯಂದಿರು ಇನ್ಯಾರನ್ನು ನಂಬಬೇಕು?

ಆದ್ದರಿಂದ ನನ್ನ ಬೇಡಿಕೆ ಎರಡೇ. ನೋಟಿಸನ್ನು ಸೋಮವಾರದೊಳಗೆ ಹಿಂಪಡೆಯಿರಿ. ಯಾರ ಮೇಲಾದರೂ ಕ್ರಮ ಕೈಗೊಳ್ಳಲೇಬೇಕೆಂಬ ಹಂಬಲವಿದ್ದರೆ ನನ್ನ ಮೇಲಾಗಲಿ, ನನಗೆ ನಿವೃತ್ತಿ ಹತ್ತಿರವಿದೆ. ಎರಡನೆಯದು, ಪೋಸ್ಟರಿನಲ್ಲಿ ತಮ್ಮ ಮೊದಲ ಡೋಸಿನ ತಾರೀಖನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೀರಿ. ತಿಂಗಳಿಗೆ ಎರಡನೇ ಡೋಸು ಎಂಬುದನ್ನೂ ಅಲ್ಲೇ ಬರೆಸಿದ್ದೀರಿ. ತಿಂಗಳು ಕಳೆದು ಹನ್ನೊಂದು ದಿನವಾಯಿತು, ಸಾಲಿನಲ್ಲಿ ನಿಂತವರೆಲ್ಲ ಬೆರಳೆಣಿಸುತ್ತಿದ್ದಾರೆ. ಮಂಗಳವಾರ ಬೆಳಗ್ಗೆ ಬನ್ನಿ, ಫೋಟೋದವರು ಬೇಡ. ಒಳಕೋಣೆಯೂ ಬೇಡ, ಸಾಲಿನಲ್ಲಿ ದರ್ಜಿಯ ಹಿಂದೆ ನಿಲ್ಲಿ, ಅಂದು ಅವಳದೂ ಎರಡನೇ ಡೋಸು. ಪಿಸುಮಾತು ಮುಚ್ಚಳ ತೆಗೆದು ತೋರಿಸಿಯೇ ಹಾಕುತ್ತಾಳೆ. ಭಯವಾದರೆ ಎಲ್ಲರಿಗೂ ಕೇಳುವ ಹಾಗೆ ಭಯವಾಗುತ್ತಿದೆ ಎಂದುಬಿಡಿ. ತಾವು ಈವರೆಗೆ ನಡೆಸಿದ ಅಷ್ಟೂ ಸಭೆಗಳಿಗಿಂತ ಆ ಒಂದು ಮಾತು ಹೆಚ್ಚು ಜನರನ್ನು ಕರೆತರುತ್ತದೆ.

ಹಿಡಿದುಕೊಳ್ಳಲು ಕೈ ಬೇಕಿದ್ದರೆ ಸಂಕೋಚ ಬೇಡ. ಈ ಸಲ ಎಡಗೈ ಕೊಡುತ್ತೇನೆ.

ಇಂತಿ,
ತಮ್ಮ ಪೋಸ್ಟರಿನ ಮುಚ್ಚಳಕ್ಕೆ ಹೊಣೆಗಾರಳಾದ,
ಸೋಮವಾರದವರೆಗೆ ಪಾಠ ನಿಲ್ಲಿಸಿರುವ ಅನುಮಾನದ ಅಜ್ಜಿ