ಮೂರು ನಿಮಿಷದ ಬಾಟಲಿ

ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ನನ್ನ ಮುದ್ದು ಮಾತಿನಮಲ್ಲಿಗೆ,

ಹೇಗಿದ್ದೀಯಾ ಮಗಳೇ? ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದೀಯಾ, ಇಲ್ಲ ಬಿಸ್ಕತ್ತಿನಲ್ಲೇ ದಿನ ದೂಡ್ತಿದ್ದೀಯಾ? ಕಾಗದ ಬರೀತೀನಿ ಅಂತ ಹೇಳಿ ಎರಡು ತಿಂಗಳಾಯ್ತು, ಬೈಬೇಡ. ಮೂರು ಸಲ ಶುರು ಮಾಡಿ ಮೂರು ಸಲವೂ ಹರಿದು ಹಾಕಿದೆ. ಫೋನು ಮಾಡಿದ್ರೆ ನೀನು ‘ಹೂಂ’, ‘ಊಹೂಂ’, ‘ಇಡ್ತೀನಿ’, ಇಷ್ಟರಲ್ಲೇ ಮುಗಿಸ್ತೀಯ. ದಿನವಿಡೀ ಕಂಡೋರ ಜೊತೆ ಫೋನಿನಲ್ಲಿ ಮಾತಾಡೋದೇ ನಿನ್ನ ಕೆಲಸ, ಅಮ್ಮನ ಪಾಲಿಗೆ ಮಾತ್ರ ಬಾಯಿಗೆ ಬೀಗ. ಅದಕ್ಕೇ ಕಾಗದ. ಇದನ್ನ ಮಧ್ಯದಲ್ಲಿ ಕಟ್ ಮಾಡೋಕಾಗಲ್ಲ ನೋಡು.

ಮೊದಲು ಒಳ್ಳೇ ಸುದ್ದಿ. ನಿಮ್ಮಪ್ಪನ ಕೋಪ ಇಳಿದಿದೆ. ನಿನ್ನೆ ಊಟಕ್ಕೆ ಕೂತವರು ತಟ್ಟೆ ನೋಡ್ತಾನೇ “ಅವಳಿಗೆ ಮನೆಗೆ ಬಾ ಅಂತ ಬರೆದು ಹಾಕು” ಅಂದ್ರು. ಹನ್ನೊಂದು ತಿಂಗಳಲ್ಲಿ ನಿನ್ನ ಸುದ್ದಿ ಅವರ ಬಾಯಲ್ಲಿ ಬಂದಿದ್ದು ಇದೇ ಮೊದಲು. ನನ್ನ ಕೈಯಲ್ಲಿದ್ದ ಸೌಟು ಜಾರಿ ಬಿತ್ತು. “ನೀವೇ ಬರೀಬಾರದಾ?” ಅಂದೆ. “ನನ್ನ ಅಕ್ಷರ ಎಲ್ಲಿ ನೆಟ್ಟಗಿದೆ” ಅಂತ ಎದ್ದು ಕೈ ತೊಳೆಯೋಕೆ ಹೋದ್ರು. ಬಸ್ಸು ಓಡಿಸೋ ಮನುಷ್ಯ, ಮಾತಿಗೂ ಬ್ರೇಕು ಹಾಕಿಯೇ ಹಾಕ್ತಾರೆ, ನಿನಗೆ ಗೊತ್ತಲ್ಲ.

ಡ್ರೈಕ್ಲೀನಿಂಗ್ ಅಂಗಡಿಗೆ ಹೊಸ ಹಬೆ ಇಸ್ತ್ರಿ ಬಂದಿದೆ. ಮಾಲಕಿ ಅದನ್ನ ಮೊಮ್ಮಗುವಿನ ಹಾಗೆ ಒರೆಸಿ ಒರೆಸಿ ಇಡ್ತಾರೆ. ನಾನು ಮಾತ್ರ ಇನ್ನೂ ಕಲೆ ತೆಗೆಯೋ ಮೇಜಿನಲ್ಲೇ. ಮೊನ್ನೆ ಯಾರೋ ನೀಲಿ ಕೋಟು ತಂದ್ರು, ತೋಳಿನ ಮೇಲೆ ಪೇಂಟು. ಮಾಮೂಲಿನ ಹಾಗೆ ಒಳಮಡಿಕೆ ಬಿಡಿಸಿ, ಕಾಣದ ಕಡೆ ಒಂದು ಹನಿ ಹಾಕಿ, ಬಟ್ಟೆಯ ಬಣ್ಣ ಹೋಗುತ್ತಾ ಅಂತ ನೋಡ್ತಾ ನಿಂತಿದ್ದೆ. ಇದ್ದಕ್ಕಿದ್ದ ಹಾಗೆ ಕೋಟನ್ನ ಮೇಜಿನ ಮೇಲೇ ಬಿಟ್ಟೆ. ಹಿಂದಿನ ರೂಮಿಗೆ ಹೋಗಿ ಅತ್ತುಬಿಟ್ಟೆ ಕಣೇ. ಯಾರದೋ ಕೋಟಿಗೆ ಇಷ್ಟು ಜೋಪಾನ ಮಾಡೋ ಕೈ, ನಿನ್ನ ಕಿವಿಯ ಹಿಂದೆ ಒಂದು ಹನಿ ಹಾಕಿ ನೋಡಲಿಲ್ಲ. ಕೆನ್ನೆಗೆ ಹಚ್ಚೋ ಮೊದಲು ಹಾಗೆ ನೋಡಿ ಒಂದು ದಿನ ಕಾಯಿರಿ ಅಂತ ಆ ಬಾಟಲಿಯ ಚೀಟಿಯಲ್ಲಿ ಬರೆದಿತ್ತು. ನಾನು ಓದಿದ್ದೆ.

ಆ ದಿನದ ವಿಷಯ ನಾವಿಬ್ಬರೂ ಬಾಯಿಬಿಟ್ಟು ಮಾತಾಡಲೇ ಇಲ್ಲ. ಇವತ್ತು ಬರೀತೀನಿ, ಸಿಟ್ಟು ಬಂದ್ರೂ ಪೂರ್ತಿ ಓದು.

ಹೋಟೆಲಿನ ರಿಸೆಪ್ಷನ್ನಿನಲ್ಲಿ ಕೂರೋ ಕೆಲಸಕ್ಕೆ ನಿನಗೆ ಇಂಟರ್‌ವ್ಯೂ ಬಂದಿತ್ತು, ಅದಕ್ಕೆ ಇನ್ನೂ ಹತ್ತು ದಿನ ಇತ್ತು. ಮೊಡವೆ ಕಲೆ ನಿನಗೆ ಲೆಕ್ಕಕ್ಕೇ ಇರಲಿಲ್ಲ. “ನನ್ನ ಕೆನ್ನೆ ನೋಡಿ ರೂಮು ಬೇಡ ಅಂತ ಯಾರಾದ್ರೂ ವಾಪಸ್ಸು ಹೋಗ್ತಾರೇನಮ್ಮಾ?” ಅಂತ ನಗ್ತಿದ್ದೆ. ತಡೀಲಾರದೆ ಹೋದವಳು ನಾನು. ಕಲೆ ಕಂಡ್ರೆ ಸುಮ್ಮನಿರೋ ಪೈಕಿ ಅಲ್ಲವಲ್ಲ! ಪಾರ್ಲರಿನವಳು, ಆಸಿಡ್ಡು ಹಚ್ಚಿ ಮೇಲಿನ ಚರ್ಮ ಸುಲಿಸೋ ಪೀಲ್ ಮಾಡಿಸೋಕೆ ಆರು ಸಲ ಬರಬೇಕು ಅಂದಳು, ರೇಟು ಕೇಳಿ ತಲೆ ತಿರುಗಿತು. ಅದೇ ಪಕ್ಕದ ಅಂಗಡಿಯಲ್ಲಿ ಅದೇ ಆಸಿಡ್ಡು, ಪುಟ್ಟ ಬಾಟಲಿ, ಕೈಗೆಟುಕೋ ಬೆಲೆ. “ಮನೆಯಲ್ಲೇ ಮಾಡ್ಕೊಳ್ಳಿ ಆಂಟಿ, ಈಗ ಎಲ್ಲರೂ ಮಾಡ್ಕೊಳ್ತಾರೆ” ಅಂದಳು ಅಂಗಡಿಯ ಹುಡುಗಿ. ಅಗ್ಗದ್ದು ಅಂತ ಬಾಟಲಿಯನ್ನ ದೂರೋಕೂ ಬಾಯಿಲ್ಲ ನನಗೆ. ತೆಳ್ಳಗೆ ಒಂದೇ ಸಲ ಹಚ್ಚಿ, ಮೂರು ನಿಮಿಷ ಬಿಟ್ಟು ತಣ್ಣೀರಲ್ಲಿ ತೊಳೀರಿ ಅಂತ ದಪ್ಪಕ್ಷರದಲ್ಲಿ ಬರೆದಿದ್ರು.

ಇಪ್ಪತ್ತೆರಡು ವರ್ಷ ಕಲೆ ತೆಗೆದವಳಿಗೆ ಚೀಟಿ ಪಾಠ ಹೇಳುತ್ತಾ ಅಂತ ನನ್ನ ಜಂಭ. ಹಳೇ ಕಲೆಗೆ ಎರಡು ಸಲ ಹಚ್ಚಬೇಕು, ಆರದ ಹಾಗೆ ಒದ್ದೆ ಬಟ್ಟೆ ಮುಚ್ಚಬೇಕು, ನಮ್ಮ ಮೇಜಿನ ಕ್ರಮ ಅದು. ನಿನ್ನ ಎಡಗೆನ್ನೆಗೂ ಅದನ್ನೇ ಮಾಡಿದೆ. “ಅಮ್ಮಾ, ಉರೀತಿದೆ” ಅಂತ ನೀನು. “ಉರಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ, ತಡ್ಕೋ” ಅಂತ ನಾನು. “ಅಮ್ಮಾ, ತೆಗಿ” ಅಂತ ನೀನು. ನಾನು ಗಡಿಯಾರ ನೋಡಿ “ಇನ್ನೆರಡೇ ನಿಮಿಷ” ಅಂದೆ. ನೀನೊಂದು ಹಠಮಾರಿ ಹುಡುಗಿ ಆಗಿದ್ದಿದ್ರೆ ಎಷ್ಟು ಚೆನ್ನಾಗಿತ್ತು! ಅಮ್ಮ ಹೇಳಿದಳಲ್ಲ ಅಂತ ಸ್ಟೂಲಿನ ಅಂಚು ಹಿಡ್ಕೊಂಡು ಕೂತೇ ಇದ್ದೆ. ಬಟ್ಟೆ ತೆಗೆದಾಗ ಕೆನ್ನೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಕಲೆ ಹೋಯ್ತು ಅಂತ ನನಗೆ ಖುಷಿಯಾಯ್ತು, ಗೊತ್ತಾ? ಒಂದು ಗಳಿಗೆ ನಿಜವಾಗಿಯೂ ಖುಷಿಯಾಯ್ತು. ಅಷ್ಟರಲ್ಲಿ ನೀನು ಕಿರುಚಿದೆ.

ಇಂಟರ್‌ವ್ಯೂ ದಿನ ನೀನು ಗೋಡೆ ಕಡೆ ತಿರುಗಿ ಮಲಗಿದ್ದೆ. ಆಮೇಲೆ ಮುಖ ಕಾಣದ ಕೆಲಸವೇ ಬೇಕು ಅಂತ ಹುಡುಕಿಕೊಂಡು ಅಷ್ಟು ದೂರ ಹೋದೆ. ನನ್ನ ಹೊಟ್ಟೆ ಈಗಲೂ ಉರೀತಿದೆ ಮಗಳೇ. ಇದಕ್ಕೆ ತೊಳೆಯೋ ನೀರಿಲ್ಲ.

ಒಂದು ಭಾನುವಾರ ಬಂದು ಹೋಗು. ಬಾಯಿಗೆ ಬಂದ ಹಾಗೆ ಬೈಯಿ, ಬಾಗಿಲು ಬಡಿ, ಬರೀ ‘ಹೂಂ’ ಅಂತ ಮಾತ್ರ ಅನ್ನಬೇಡ. ಬಿಸಿಲಿಗೆ ಹೋಗುವಾಗ ಡಾಕ್ಟರು ಕೊಟ್ಟ ಕ್ರೀಮು ಮರೀಬೇಡ. ಹೋದಲ್ಲೆಲ್ಲ ನಿನಗೆ ಒಳ್ಳೆಯವರೇ ಸಿಗಲಿ. ನಿನ್ನ ನಗು ನಿನಗೆ ವಾಪಸ್ಸು ಬರಲಿ, ಅದನ್ನ ನೋಡೋ ಯೋಗ ನನಗಿಲ್ಲದಿದ್ರೂ ಪರವಾಗಿಲ್ಲ.

ನಿನ್ನ
ಅಮ್ಮ

ವಿ.ಸೂ.: ನಿಮ್ಮಪ್ಪ ನಿನ್ನೆ ಹೇಳಿದ್ದನ್ನ ನಾನು ಪೂರ್ತಿ ಬರೀಲಿಲ್ಲ. ಕೈ ತೊಳೆದು ಬಂದು “ಅವಳು ಮಾಡ್ಕೊಂಡಿದ್ದನ್ನ ನಾನು ಕ್ಷಮಿಸಿದ್ದೀನಿ ಅಂತಾನೂ ಬರಿ” ಅಂದ್ರು. “ಆಯ್ತು” ಅಂದೆ. ಆಸ್ಪತ್ರೆಯಲ್ಲಿ ಡಾಕ್ಟರು “ಯಾರಮ್ಮ ಹೀಗೆ ಹಚ್ಚಿದ್ದು?” ಅಂತ ಕೇಳಿದಾಗ, ಅಪ್ಪನ ಎದುರಿಗೆ ನೀನು “ನಾನೇ” ಅಂದುಬಿಟ್ಟೆ. ನಾನು ನಿನ್ನ ಚೀಲ ಹಿಡಿದು ಸುಮ್ಮನೆ ನಿಂತಿದ್ದೆ. “ಇಂಥ ಶೋಕಿಯವಳು ನನಗೆ ಮುಖ ತೋರಿಸೋದು ಬೇಡ” ಅಂತ ಅವರು ಕೂಗಾಡಿದಾಗಲೂ ಸುಮ್ಮನಿದ್ದೆ, ನೀನು ಬಟ್ಟೆ ತುಂಬಿಕೊಳ್ಳುವಾಗಲೂ ಸುಮ್ಮನಿದ್ದೆ. ನಿಜ ಹೇಳಿದ್ರೆ ಅವರು ನನ್ನ ನಾಲ್ಕು ದಿನ ಬೈತಿದ್ರು, ಅಷ್ಟೇ. ಆ ಬೈಗುಳಕ್ಕೆ ಹೆದರಿ ನಿನ್ನನ್ನ ಕಳ್ಕೊಂಡೆ. ಈಗ ಅವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, “ಮುಗೀತಾ? ಕೊಡು, ನಾನೇ ಅಂಚೆಗೆ ಹಾಕ್ತೀನಿ” ಅಂತ. ಇಷ್ಟೆಲ್ಲ ಬರೆದ ಮೇಲೂ, ಅವರ ಕಣ್ಣಿಗೆ ಬೀಳದ ಹಾಗೆ ಕವರು ಅಂಟಿಸಿ ಕೊಡ್ತಿದ್ದೀನಿ ಮಗಳೇ.