ಬೆನ್ನು ತಿರುಗಿಸಿದ ಟೀಚರ್ ಮತ್ತು ನಿಮ್ಮ ಎರಡು ವಾಕ್ಯ

ಶಾಲೆಗಳ ತಪಾಸಣೆಗೆ ಬರುವ ಮಾನ್ಯ ಅಧಿಕಾರಿಗಳೇ,

ನಾಲ್ಕನೇ ತರಗತಿಯ ಬಾಗಿಲಲ್ಲಿ ನೀವು ನಿಂತಿದ್ದು ಹೆಚ್ಚೆಂದರೆ ಅರ್ಧ ನಿಮಿಷ. ಆಮೇಲೆ ವರದಿಯಲ್ಲಿ ಎರಡು ವಾಕ್ಯ ಬರೆದಿರಿ. ಅವುಗಳಿಂದ ಒಬ್ಬ ಒಳ್ಳೆಯ ಶಿಕ್ಷಕಿಗೆ ವರ್ಗವಾಯಿತು. ಬರುವ ಗುರುವಾರ ನನ್ನ ಒಂಬತ್ತು ವರ್ಷದ ಮಗಳಿಗೆ ಶಾಲೆಯೇ ತಪ್ಪಲಿದೆ. ನಿಮ್ಮ ಕಚೇರಿಗೆ ಮೂರು ಮನವಿ ಕೊಟ್ಟೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ. ಹಾಗಾಗಿ ಈ ಪತ್ರವನ್ನು ಎಲ್ಲರೆದುರು ಬರೆಯುತ್ತಿದ್ದೇನೆ.

ನಿಮ್ಮ ವಾಕ್ಯಗಳು ಹೀಗಿವೆ: ‘ವಿದ್ಯಾರ್ಥಿನಿಯೊಬ್ಬಳು ಎದ್ದು ನಿಲ್ಲಲು ನಿರಾಕರಿಸಿದಳು. ಶಿಕ್ಷಕಿಯು ಆಕೆಯನ್ನು ತಿದ್ದುವ ಬದಲು ಬೆನ್ನು ತಿರುಗಿಸಿ ಕಪ್ಪುಹಲಗೆ ಒರೆಸತೊಡಗಿದರು.’ ಎರಡೂ ನಿಜ. ಒಂದಕ್ಷರವನ್ನೂ ಅಲ್ಲಗಳೆಯಲಾರೆ. ಸುಳ್ಳೇ ಇಲ್ಲದ ವರದಿಯೊಂದು ಇಷ್ಟು ಅನ್ಯಾಯದ್ದಾಗಿರಬಹುದು ಎಂದು ಮಾತ್ರ ನನಗೆ ತಿಳಿದಿರಲಿಲ್ಲ.

ನನ್ನ ಮಗಳಿಗೆ ಅವಳ ಅಜ್ಜ ಇಟ್ಟ ಅಡ್ಡಹೆಸರು ‘ಊಹೂಂ’. ಮಾತು ಬಂದಂದಿನಿಂದ ಅವಳ ಮೊದಲ ಉತ್ತರ ಅದೇ. “ಊಹೂಂ ಅವರೇ, ಊಟಕ್ಕೆ ದಯಮಾಡಿಸ್ತೀರೋ?” ಎಂದು ಅಜ್ಜ ಕರೆದರೆ “ಊಹೂಂ” ಎನ್ನುತ್ತಲೇ ಬಂದು ಕೂರುತ್ತಾಳೆ. ಎಲ್ಲವೂ ಇಷ್ಟು ತಮಾಷೆಯದ್ದಲ್ಲ. ಚಪ್ಪಲಿ ಹಾಕಿಕೋ ಎಂದರೆ ಚಪ್ಪಲಿ ಕಿಟಕಿಯಾಚೆ ಹೋಗಿದ್ದಿದೆ. ಒಂದು ಬೆಳಿಗ್ಗೆ ಬಾಚಣಿಗೆ ಹಿಡಿದು ಅರ್ಧ ಗಂಟೆ ಗುದ್ದಾಡಿ, ಕೊನೆಗೆ ನಾನು ಅವಳ ಕೆನ್ನೆಗೆ ಹೊಡೆದಿದ್ದೂ ಇದೆ. ಕವಿತೆ ಓದಿಕೊಂಡು ಬೆಳೆದವಳು ನಾನು, ಸಾಲಿನ ನಡುವೆ ಎಲ್ಲಿ ತಡೆದು ನಿಲ್ಲಬೇಕೆಂದು ಬಲ್ಲೆ ಎಂದುಕೊಂಡಿದ್ದೆ. ಸ್ವಂತ ಮಗಳೆದುರು ಒಂದು ನಿಮಿಷ ತಡೆಯಲಾಗಲಿಲ್ಲ. ಆಮೇಲೆ ಅವಳನ್ನು ಕರೆದೊಯ್ದು ತೋರಿಸಿದ ಮಕ್ಕಳ ಮನೋವೈದ್ಯೆ ನನ್ನನ್ನು ಬೈಯಲಿಲ್ಲ. “ಇದು ಕೊಬ್ಬಲ್ಲಮ್ಮ. ತಲೆ ಮೇಲೆ ನಿಂತು ಹೇಳಿದ್ರೆ ಅವಳಿಗೆ ಮೈಯೆಲ್ಲಾ ಬಿಗಿದುಹೋಗುತ್ತೆ. ಮಾಡ್ಬೇಕು ಅಂತಿದ್ರೂ ಆಗಲ್ಲ,” ಎಂದರು.

ಇದನ್ನು ಅರ್ಥ ಮಾಡಿಕೊಂಡ ಮೊದಲಿಗರು ನಾನಲ್ಲ, ಆ ಟೀಚರ್. ಅವರ ವಿಧಾನ ಇಷ್ಟೇ: ಒಂದೇ ಸಲ ಹೇಳುವುದು, ಮೆಲ್ಲಗೆ ಹೇಳುವುದು, ಹೇಳಿದ ಮೇಲೆ ಅವಳತ್ತ ನೋಡದೆ ಬೇರೆ ಕೆಲಸಕ್ಕೆ ತೊಡಗುವುದು. “ಗೆದ್ದೆ ಅಂತ ನಾನು ನೋಡ್ತಾ ನಿಂತ್ರೆ ಅವಳು ಸೋಲ್ಬೇಕಾಗುತ್ತಲ್ವಾ ಮೇಡಂ? ನೋಡದೆ ಇದ್ರೆ ಇಬ್ರೂ ಸೋಲಲ್ಲ,” ಎಂದಿದ್ದರು. ಅವರು ಹಲಗೆ ಒರೆಸುತ್ತಿದ್ದರೆ ಹಿಂದೆ ನನ್ನ ಮಗಳು ಪುಸ್ತಕ ತೆರೆದಿರುತ್ತಿದ್ದಳು. ನಾಲ್ಕು ತಿಂಗಳಲ್ಲಿ ಶಾಲೆಯಿಂದ ಒಂದು ದೂರೂ ಬರಲಿಲ್ಲ. ಮನೆಯಲ್ಲಿ ನಾನೂ ಬೆನ್ನು ತಿರುಗಿಸಲು ಕಲಿತೆ. ನಮ್ಮ ಪಾತ್ರೆಗಳು ಅಷ್ಟು ಫಳಫಳ ಹೊಳೆದ ಕಾಲ ಇನ್ನೊಂದಿಲ್ಲ.

ಆಗ ತಾವು ಬಂದಿರಿ. ಹತ್ತಕ್ಕೆ ಬರಬೇಕಾದವರು ಹನ್ನೆರಡೂಕಾಲಿಗೆ. ಮೂವತ್ತೆಂಟು ಮಕ್ಕಳು ಎದ್ದರು, ಒಬ್ಬಳು ಏಳಲಿಲ್ಲ. ಟೀಚರ್ ಮೆಲ್ಲಗೆ ಒಮ್ಮೆ ಹೇಳಿ, ಡಸ್ಟರ್ ಎತ್ತಿಕೊಂಡರು. “ಒಂದ್ನಿಮಿಷ ಬಿಡಿ ಸರ್, ಎದ್ದೇಳ್ತಾಳೆ.” ತಾವು ಕೇಳಿದಿರಂತೆ: “ಇವಳಿಗೋಸ್ಕರ ನಾನು ಕಾಯ್ಬೇಕಾ?” ಎರಡೂಕಾಲು ಗಂಟೆ ಇಡೀ ಶಾಲೆಯನ್ನು ಕಾಯಿಸಿದವರಿಗೆ ಒಂದು ನಿಮಿಷ ಅಷ್ಟು ದುಬಾರಿಯಾಯಿತೇ? ನೀವು ಮುಂದಿನ ತರಗತಿಗೆ ನಡೆದಿರಿ. ನನ್ನ ಮಗಳು ಎದ್ದು ನಿಂತಳು. ಆ ವಾಕ್ಯ ನಿಮ್ಮ ವರದಿಯಲ್ಲಿ ಇಲ್ಲ. ಯಾಕೆಂದರೆ ಅಷ್ಟರಲ್ಲಿ ಬೆನ್ನು ತಿರುಗಿಸಿದ್ದವರು ನೀವು.

ಹೊಸ ಶಿಕ್ಷಕರಿಗೆ ‘ಶಿಸ್ತು ತರಬೇಕು’ ಎಂಬ ಸೂಚನೆ ಹೋಗಿದೆ. ಅವರು ನನ್ನ ಮಗಳ ಮೇಜಿನ ಪಕ್ಕದಲ್ಲೇ ನಿಂತು ಎಣಿಸುತ್ತಾರಂತೆ, ಒಂದು, ಎರಡು, ಮೂರು. ಮೂರಕ್ಕೆ ಅವಳ ಕೈಯಿಂದ ಕಂಪಾಸ್ ಪೆಟ್ಟಿಗೆ ಹಾರುತ್ತದೆ. ಹನ್ನೊಂದು ದಿನ ನನ್ನ ಮಗಳು ವರಾಂಡದಲ್ಲಿ ಕಳೆದಿದ್ದಾಳೆ. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿ ಬಿಳಿ ಹಾಳೆಯೊಂದನ್ನು ಮುಂದಿಟ್ಟರು. “ನೋಡಿ, ಸಾಹೇಬ್ರು ಬರೆದುಬಿಟ್ಟಿದ್ದಾರೆ, ನಮ್ಮ ಕೈಲಿ ಏನೂ ಇಲ್ಲ. ಇವಳನ್ನ ತೆಗೆಯೋ ವಿಷಯಕ್ಕೆ ಗುರುವಾರ ಶಾಲಾ ಸಮಿತಿ ಸೇರುತ್ತೆ. ಅದಕ್ಕೆ ಮುಂಚೆ ಸ್ವಂತ ಇಚ್ಛೆಯಿಂದ ಟಿ.ಸಿ. ಬೇಕು ಅಂತ ನೀವೇ ಬರೆದುಕೊಡಿ. ಮಗು ದಾಖಲೆಗೂ ಒಳ್ಳೇದು.” ಎಂಥ ಕಾಳಜಿ! ಹೊರಹಾಕುವುದು ನೀವು, ಇಚ್ಛೆ ಮಾತ್ರ ನನ್ನದಾಗಿರಬೇಕು.

ಸಿಟ್ಟನ್ನು ಇಷ್ಟಕ್ಕೇ ನುಂಗಿಕೊಂಡು ಬೇರೆ ಶಾಲೆ ಹುಡುಕುತ್ತಿದ್ದೆನೇನೋ. ಆದರೆ ಮೊನ್ನೆ ಭಾನುವಾರ ಅವಳ ಕೋಣೆಯಿಂದ ಕುರ್ಚಿ ಎಳೆಯುವ ಸದ್ದು ಬರುತ್ತಲೇ ಇತ್ತು. ಇಣುಕಿದೆ. ಕೂರುತ್ತಿದ್ದಳು, ಥಟ್ಟನೆ ಏಳುತ್ತಿದ್ದಳು. ಮತ್ತೆ ಕೂರುತ್ತಿದ್ದಳು. ಬೆವರಿದ್ದಳು.

“ಏನ್ ಪುಟ್ಟಿ ಇದು?”

“ಬೇಗ ಏಳೋದು ಕಲೀತಿದ್ದೀನಿ. ಕಲಿತುಬಿಟ್ರೆ ಟೀಚರ್‌ನ ವಾಪಸ್ ಕಳಿಸ್ತಾರೆ ಅಲ್ವಾಮ್ಮ?”

ಟೀಚರ್ ಹೋದದ್ದು ನಿನ್ನಿಂದಲ್ಲ ಎಂದೆ. “ಊಹೂಂ,” ಎಂದಳು. ಅವಳ ಬಾಯಲ್ಲಿ ಆ ಮಾತು ಅಷ್ಟು ಸಣ್ಣಗೆ ಬಂದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಗುರುವಾರದೊಳಗೆ ಆ ಎರಡು ವಾಕ್ಯಗಳನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಿ. ಟೀಚರನ್ನು ಅದೇ ತರಗತಿಗೆ ಮರಳಿ ಕಳಿಸಿ. ಜೊತೆಗೆ, ನಾಲ್ಕನೇ ತರಗತಿಯ ಮಗು ಓದಿಕೊಳ್ಳುವಷ್ಟು ದೊಡ್ಡ ಅಕ್ಷರದಲ್ಲಿ, ನಿಮ್ಮದೇ ಕೈಯಿಂದ ಇನ್ನೊಂದು ವಾಕ್ಯ ಬರೆದು ನನ್ನ ಮಗಳಿಗೆ ಕಳಿಸಿ: ತಪ್ಪು ನಿನ್ನದಲ್ಲ. ನನ್ನ ಮಾತನ್ನು ಅವಳು ನಂಬುತ್ತಿಲ್ಲ. ನೀವು ಬರೆದದ್ದು ನಡೆಯುತ್ತದೆ ಎಂಬುದನ್ನು ಮಾತ್ರ ಕಣ್ಣಾರೆ ಕಂಡಿದ್ದಾಳೆ.

ಇಂತಿ,
ಬಿಳಿ ಹಾಳೆಯನ್ನು ಬಿಳಿಯಾಗಿಯೇ ಹಿಂತಿರುಗಿಸಿದ,
ಒಮ್ಮೆ ಕೈಯೆತ್ತಿ ಇಂದಿಗೂ ನಾಚುತ್ತಿರುವ ಒಬ್ಬ ತಾಯಿ